ಬೆಳೆಯುವ ಮಗುವಿನ ವಾಹನ: ಒಂದು ಸಂದರ್ಶನ

ಮಂತ್ರಿಗಳನ್ನೂ ಮಠಾಧಿಪತಿಗಳನ್ನೂ ಸಂದರ್ಶಿಸಿ, ಮರುದಿನ ಅವರಿಂದ ಬರುವ ನಿರಾಕರಣಪತ್ರವನ್ನು ಅದೇ ಪುಟದಲ್ಲಿ ಅಚ್ಚುಹಾಕುವ ಕಷ್ಟವನ್ನು ಬಲ್ಲ ಪತ್ರಿಕಾವೃತ್ತಿಯವನಿಗೆ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದ ಅಚೇತನ ವಸ್ತುವಿನೊಡನೆ ಸಂಭಾಷಿಸುವುದು ಒಂದು ಬಗೆಯ ವಿಶ್ರಾಂತಿ. ಆದುದರಿಂದ ನಾನು ಮನೋರಥವನ್ನೇರಿ, ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿ, ಸಮತಟ್ಟಾದ ನೆಲವೆಂಬುದು ದುರ್ಲಭವಾದ ಬೆಟ್ಟಗಾಡಿನ ನಡುವಣ ಒಂದು ವಾಹನ ಮಳಿಗೆಯನ್ನು ಹೊಕ್ಕು, ಎಳೆಯರಿಗೆಂದೇ ನಿರ್ಮಿತವಾದ, 70 ಸಿಸಿ ಎಂಜಿನ್ನಿನ, ಕೆಂಪು ಬಣ್ಣದ ಪುಟ್ಟ ಎಟಿವಿಯೊಂದರ, ಅಂದರೆ ರಸ್ತೆಯಿಲ್ಲದ ನೆಲದಲ್ಲಿ ಓಡತಕ್ಕ ವಾಹನವೊಂದರ, ಮುಂದೆ ಕೈಜೋಡಿಸಿ ನಿಂತೆನು. ನಾಲ್ಕು ದಪ್ಪ ಟೈರುಗಳು, ಬೆನ್ನ ಹಿಂದೆ ಉದ್ದನೆಯ ಕಡ್ಡಿಯ ತುದಿಯಲ್ಲಿ ಒಂದು ಧ್ವಜ, ಹ್ಯಾಂಡಲಿಗೆ ತೂಗುಬಿಟ್ಟ ಎಚ್ಚರಿಕೆಯ ಚೀಟಿ: ಆಕಾರ ಚಿಕ್ಕದಾದರೂ ಗಾಂಭೀರ್ಯಕ್ಕೆ ಕೊರತೆಯಿರಲಿಲ್ಲ.

“ತಮ್ಮ ವಂಶವೃತ್ತಾಂತವನ್ನು ಅಪ್ಪಣೆ ಕೊಡಿಸಬೇಕು” ಎಂದು ವಾಡಿಕೆಯಂತೆ ಪ್ರಾರಂಭಿಸಿದೆ.

“ನಮ್ಮ ಮೂಲಪುರುಷ ಜಪಾನಿನ ಹೋಂಡಾ ಮನೆತನದವನು, 1970ರಲ್ಲಿ ಈ ದೇಶಕ್ಕೆ ಬಂದ. ಅವನಿಗೆ ಚಕ್ರಗಳು ಮೂರೇ. ಮೂರು ಚಕ್ರದ ಮೇಲೆ ಮನುಷ್ಯನನ್ನು ಹೊತ್ತು ಇಳಿಜಾರಿನಲ್ಲಿ ತಿರುಗಿದರೆ ಏನಾಗುವುದೆಂಬುದನ್ನು ಪೂರ್ಣವಾಗಿ ಮನಗಾಣಲು ಇಲ್ಲಿಯವರಿಗೆ ಹದಿನೆಂಟು ವರ್ಷ ಹಿಡಿಯಿತು. 1988ರಲ್ಲಿ ಸರಕಾರಕ್ಕೂ ತಯಾರಕರಿಗೂ ನ್ಯಾಯಾಲಯದಲ್ಲಿ ಒಪ್ಪಂದವಾಗಿ ಆ ಶಾಖೆಯ ಮಾರಾಟ ನಿಂತಿತು. ನಾಲ್ಕು ಚಕ್ರದ ಶಾಖೆಯವರಾದ ನಾವು ಉಳಿದುಕೊಂಡೆವು. 90 ಸಿಸಿ ಮೀರಿದವರು ಹದಿನಾರು ತುಂಬಿದವರಿಗೆ ಮಾತ್ರ ಸಲ್ಲತಕ್ಕವರೆಂದು ಆಗಲೇ ಗೊತ್ತಾಯಿತು. ಈಗ ಎಂಜಿನ್ನಿನ ಗಾತ್ರಕ್ಕಿಂತ ವೇಗವೇ ನಮ್ಮ ವರ್ಗವಿಭಾಗಕ್ಕೆ ಆಧಾರ. ಆರು ತುಂಬಿದವರ ವರ್ಗಕ್ಕೆ ಸೇರಿದ ನನ್ನ ಪರಮಾವಧಿ ಗಂಟೆಗೆ ಸುಮಾರು 24 ಕಿಲೋಮೀಟರ್. ಮಳಿಗೆಯಿಂದ ಹೊರಡುವಾಗ 16ಕ್ಕೆ ಕಟ್ಟಿಹಾಕಿರಬೇಕು. ಅಗೋ, ಪಕ್ಕದಲ್ಲಿರುವ ನನ್ನ ಅಣ್ಣ ಹತ್ತು ತುಂಬಿದವರಿಗೆ ಮೀಸಲು. ಅವನಿಗೆ 48ರವರೆಗೆ ಅಧಿಕಾರವುಂಟು, ಹೊರಡುವಾಗ 24.”

“ಕಟ್ಟಿಹಾಕುವುದೆಂದರೆ ಸರಪಳಿಯಿಂದಲೋ?”

“ಹೆಬ್ಬೆರಳಿನಿಂದ ಒತ್ತುವ ಥ್ರಾಟಲಿನ ಬಳಿ ಒಂದು ಸ್ಕ್ರೂ ಇದೆ, ಸ್ವಾಮಿ. ಸರಕಾರದ ವಿವೇಕ, ಎಂಜಿನಿಯರುಗಳ ವಿದ್ಯೆ, ತಾಯಿಯ ಪ್ರಾರ್ಥನೆ ಎಲ್ಲವೂ ಕೊನೆಗೆ ಆ ಒಂದು ಸ್ಕ್ರೂವಿನ ಮೇಲೆ ನಿಂತಿವೆ. ಸ್ಕ್ರೂಡ್ರೈವರ್ ಇಲ್ಲದ ಮನೆ ಈ ಪ್ರಾಂತದಲ್ಲಿಲ್ಲ. ಮೊದಲ ದಿನ ಅಂಗಳವನ್ನು ನಾಲ್ಕು ಸುತ್ತು ಸುತ್ತುವಷ್ಟರಲ್ಲಿ ಬೇಸರ ಬಂದುಬಿಡುತ್ತದೆ. ಗಮನಿಸಿ, ಮಗನಿಗಲ್ಲ, ತಂದೆಗೆ.”

ಈ ಮಾತು ಮುಗಿಯುತ್ತಿದ್ದಂತೆ ಸಾಕ್ಷಾತ್ ಒಬ್ಬ ತಂದೆಯೇ ಏಳು ವರ್ಷದ ಮಗನ ಕೈಹಿಡಿದು ಪ್ರವೇಶಿಸಿದರು. ಹುಡುಗನ ದೃಷ್ಟಿ ಧ್ವಜದ ಮೇಲೆ. ತಂದೆಯ ದೃಷ್ಟಿ, ನನ್ನ ಸಂದರ್ಶಿತರನ್ನು ಹಾದು, ಅಣ್ಣನನ್ನೂ ಹಾದು, ಮೂಲೆಯಲ್ಲಿ ನಿಂತಿದ್ದ ವಯಸ್ಕರ ವಾಹನವೊಂದರ ಮೇಲೆ. “ಬೆಳೆಯುವ ಹುಡುಗ, ಇನ್ನೆರಡು ವರ್ಷಕ್ಕೆ ಇದು ಚಿಕ್ಕದಾದರೆ ಮೂರು ಸಾವಿರ ಡಾಲರ್ ವ್ಯರ್ಥವಲ್ಲವೆ?” ಎಂದು ಅವರು ಮಾರಾಟದವನನ್ನು ಕೇಳುತ್ತಿದ್ದುದು ನಮಗೆ ಸ್ಪಷ್ಟವಾಗಿ ಕೇಳಿಸಿತು.

“ಕೇಳಿದಿರಾ?” ಎಂದಿತು ವಾಹನ. “ದಿನಬೆಳಗಾದರೆ ಇದೇ ವಾದ. ಶಾಲೆಯ ಅಂಗಿಯನ್ನು ಒಂದಳತೆ ದೊಡ್ಡದಾಗಿ ಹೊಲಿಸುವ ಮಿತವ್ಯಯವನ್ನು ನನ್ನ ವಿಷಯದಲ್ಲಿಯೂ ನಡೆಸುತ್ತಾರೆ. ಅಂಗಿ ದೊಡ್ಡದಾದರೆ ತೋಳು ಮಡಿಚಬಹುದು. ನನ್ನನ್ನು ಎಲ್ಲಿ ಮಡಿಚುತ್ತಾರೆ? ನನ್ನ ತೂಕವೇ ನೂರು ಕಿಲೋ ದಾಟುತ್ತದೆ. ಆ ಹುಡುಗ ಇಪ್ಪತ್ತೈದರ ಆಸುಪಾಸು. ತಿರುವಿನಲ್ಲಿ ಸವಾರ ತನ್ನ ಮೈಭಾರವನ್ನು ಒಳಮಗ್ಗುಲಿಗೆ ವಾಲಿಸಿದರೆ ಮಾತ್ರ ನಾವು ನೆಟ್ಟಗೆ ತಿರುಗುವುದು. ಮುನ್ನೂರು ಕಿಲೋ ತೂಗುವ ಆ ಮೂಲೆಯ ಮಹಾಕಾಯನಿಗೆ ಈ ಹುಡುಗ ವಾಲಿದನೋ ಇಲ್ಲವೋ ತಿಳಿಯುವುದೇ ಇಲ್ಲ. ಮಗುಚಿ ಅವನ ಮೇಲೆ ಬಿದ್ದಾಗಲೂ ತಿಳಿಯುವುದಿಲ್ಲ.”

“ಹಾಗಾದರೆ ಆಯ್ಕೆಯ ಕ್ರಮವೇನು?”

“ಹುಡುಗನನ್ನು ಕೂರಿಸಿ ನೋಡುವುದು, ಅಷ್ಟೆ. ಕಾಲಿಡುವ ಪಟ್ಟಿಯ ಮೇಲೆ ಎದ್ದು ನಿಂತರೆ ಅವನಿಗೂ ಆಸನಕ್ಕೂ ನಡುವೆ ಮೂರು ಅಂಗುಲವಾದರೂ ಅಂತರವಿರಬೇಕು. ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿ ತಿರುಗಿಸುವಾಗ ಮುಂದಕ್ಕೆ ಬಾಗಬೇಕಾಗಬಾರದು, ಮೊಣಕಾಲಿಗೆ ಹ್ಯಾಂಡಲು ತಗುಲಬಾರದು. ಹಿಡಿಯನ್ನು ಬಿಡದೆಯೇ ಬೆರಳು ಬ್ರೇಕಿಗೂ ಹೆಬ್ಬೆರಳು ಥ್ರಾಟಲಿಗೂ ಎಟುಕಬೇಕು. ಐದು ನಿಮಿಷದ ಕೆಲಸ. ಆದರೆ ಹುಡುಗನನ್ನು ಇಳಿಸಿ, ತಂದೆಯೇ ಏರಿ ಕುಳಿತು, ‘ಚೆನ್ನಾಗಿದೆ’ ಎನ್ನುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.”

“ಆಸನ ನೀಳವಾಗಿದೆಯಲ್ಲ, ತಮ್ಮನನ್ನೋ ತಂಗಿಯನ್ನೋ ಹಿಂದೆ ಕೂರಿಸಲೆಂದಿರಬಹುದು.”

“ಸವಾರನೊಬ್ಬನೇ ಹಿಂದೆ ಮುಂದೆ ಸರಿದಾಡಲೆಂದು ಆ ನೀಳ. ಇನ್ನೊಬ್ಬರು ಕುಳಿತರೆ ಸರಿದಾಡುವುದೆಲ್ಲಿ? ಇನ್ನೂ ಒಂದು ಮಾತು ಬರೆದುಕೊಳ್ಳಿ. ಡಾಂಬರು ರಸ್ತೆ ನಮಗಾಗದು. ನನ್ನ ಹಿಂದಿನ ಚಕ್ರಗಳೆರಡೂ ಒಂದೇ ಅಚ್ಚಿಗೆ ಬಿಗಿದವು, ಒಂದೇ ವೇಗದಲ್ಲಿ ತಿರುಗತಕ್ಕವು. ಟೈರಿನಲ್ಲಿರುವುದು ಕಾರಿನ ಟೈರಿನ ಹತ್ತರಲ್ಲೊಂದು ಪಾಲಿನಷ್ಟು ಗಾಳಿ. ಮಣ್ಣಿನಲ್ಲಿ ಜಾರಿಕೊಂಡು ತಿರುಗುವ ನಾನು ಡಾಂಬರಿನಲ್ಲಿ ಹಟ ಹಿಡಿಯುತ್ತೇನೆ.”

ಸಂದರ್ಶನದಲ್ಲಿ ಒಂದಾದರೂ ಮುಜುಗರದ ಪ್ರಶ್ನೆ ಇರಬೇಕೆಂಬ ಸಂಪಾದಕೀಯ ನಿಯಮವನ್ನು ಸ್ಮರಿಸಿಕೊಂಡು, “ತಾವೊಮ್ಮೆ ಬಹಿಷ್ಕಾರಕ್ಕೆ ಗುರಿಯಾಗಿದ್ದಿರೆಂದು ಕೇಳಿದ್ದೇನೆ” ಎಂದೆನು.

ವಾಹನವು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿತು: “ಆಟಿಕೆಗಳ ಬಣ್ಣದಲ್ಲಿ ಸೀಸ ಸಿಕ್ಕಿ ದೇಶವೆಲ್ಲ ತಲ್ಲಣಿಸಿದ ಮರುವರ್ಷ, ಅಂದರೆ 2008ರಲ್ಲಿ, ಒಂದು ಕಾನೂನು ಹುಟ್ಟಿತು. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆಂದು ಮಾಡಿದ ಯಾವ ಪದಾರ್ಥದಲ್ಲಿಯೂ, ಅವರ ಕೈಗೆ ಎಟಕುವ ಯಾವ ಭಾಗದಲ್ಲಿಯೂ, ಹತ್ತು ಲಕ್ಷಕ್ಕೆ 600 ಪಾಲಿಗಿಂತ ಹೆಚ್ಚು ಸೀಸ ಇರಕೂಡದೆಂದು ವಿಧಿಸಿತು. 2009ರ ಫೆಬ್ರವರಿ 10ರಂದು ಅದು ಜಾರಿಗೆ ಬಂದಿತು. ನನ್ನ ಟೈರಿನ ಹಿತ್ತಾಳೆ ವಾಲ್ವಿನಲ್ಲಿಯೂ ಬ್ಯಾಟರಿಯ ತುದಿಗಳಲ್ಲಿಯೂ ಸೀಸವುಂಟು. ನಮ್ಮನ್ನೆಲ್ಲ ಮಳಿಗೆಯಿಂದ ಹಿಂದಿನ ಗೋದಾಮಿಗೆ ದೂಡಿದರು.”

“ಮಕ್ಕಳು ಟೈರಿನ ವಾಲ್ವನ್ನು ನೆಕ್ಕುತ್ತಾರೆಂದೇ?”

“ಶಾಸನಕರ್ತರಿಗೆ ಬಾಲ್ಯದಲ್ಲಿ ಆ ಅಭ್ಯಾಸವಿದ್ದಿರಬಹುದು, ನಾನರಿಯೆ. ಇದರಲ್ಲಿನ ಸ್ವಾರಸ್ಯವನ್ನು ನೋಡಿ: ಎಟಿವಿಗಳ ರಚನೆ ಹೀಗೆಯೇ ಇರತಕ್ಕದ್ದೆಂಬ ಸುರಕ್ಷಾನಿಯಮಗಳನ್ನು ಕಡ್ಡಾಯ ಮಾಡಿದ್ದೂ ಅದೇ ಕಾನೂನು. ಒಂದು ಪ್ರಕರಣದಲ್ಲಿ ನಾನು ಹೇಗೆ ಬಾಳಬೇಕೆಂದು ಉಪದೇಶ, ಇನ್ನೊಂದರಲ್ಲಿ ದೇಶಭ್ರಷ್ಟತೆ. ಆದರೆ ಮೂಲೆಯಲ್ಲಿದ್ದಾನಲ್ಲ, ಆ ಮಹಾಕಾಯ, ಅವನು ಮಕ್ಕಳ ಪದಾರ್ಥವಲ್ಲವಾದ್ದರಿಂದ ಸೀಸಸಮೇತನಾಗಿ ಮಳಿಗೆಯಲ್ಲಿಯೇ ಉಳಿದ. ಚಿಕ್ಕದು ದೊರೆಯದ ಮನೆಗಳಲ್ಲಿ ಮಕ್ಕಳು ಅವನನ್ನೇ ಏರುವರೆಂಬ ಭಯವು ಗ್ರಾಹಕ ಸುರಕ್ಷಾ ಆಯೋಗಕ್ಕೇ ಹುಟ್ಟಿ, ಅದೇ ವರ್ಷ ಮೇ ತಿಂಗಳಲ್ಲಿ ನಿಯಮದ ಜಾರಿಯನ್ನು ತಡೆಹಿಡಿದರು. 2011ರ ಆಗಸ್ಟಿನಲ್ಲಿ ತಿದ್ದುಪಡಿಯಾಗಿ ನಮಗೆ ಸೀಸದಿಂದ ವಿಮೋಚನೆ ದೊರೆಯಿತು. ಸೀಸವೇನೋ ಎಲ್ಲಿತ್ತೋ ಅಲ್ಲಿಯೇ ಇದೆ.”

“ವೈದ್ಯರು ತಮ್ಮ ವಿಷಯದಲ್ಲಿ ಏನೆನ್ನುತ್ತಾರೆ?”

“ಹದಿನಾರರ ಕೆಳಗಿನವರು ಯಾವ ಗಾತ್ರದ ಎಟಿವಿಯನ್ನೂ ನಡೆಸಕೂಡದೆಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಮತ. ಮ್ಯಾಸಚೂಸೆಟ್ಸ್ ಸಂಸ್ಥಾನವು 2010ರಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹದಿನಾಲ್ಕೆಂದು ವಿಧಿಸಿತು. ನನ್ನ ಮೈಮೇಲಿನ ಚೀಟಿ ಆರೆನ್ನುತ್ತದೆ. ಒಂದೇ ಜಾತಕಕ್ಕೆ ಮೂರು ಪಂಚಾಂಗ.”

ನನಗೆ ವೈದ್ಯರ ಪಕ್ಷವೇ ಹೆಚ್ಚು ಸಮಂಜಸವೆಂದು ತೋರಿತಾದರೂ, ಆತಿಥೇಯರ ಸಮ್ಮುಖದಲ್ಲಿ ಅವರ ಅಸ್ತಿತ್ವವನ್ನೇ ಖಂಡಿಸುವುದು ಶಿಷ್ಟಾಚಾರವಲ್ಲವೆಂದು ಸುಮ್ಮನಾದೆನು. ಈ ವಾಹನಗಳಿಂದಲೂ ಇವುಗಳ ಸೋದರಸಂಬಂಧಿಗಳಿಂದಲೂ ಗಾಯಗೊಂಡು ಆ ದೇಶದ ಆಸ್ಪತ್ರೆಗಳ ತುರ್ತುವಿಭಾಗಕ್ಕೆ ಬರುವವರು ವರ್ಷಕ್ಕೆ ಸುಮಾರು ಒಂದು ಲಕ್ಷ ಮಂದಿ. ಬೇಲಿ ದುರಸ್ತಿಗೂ ಮೇವು ಸಾಗಣೆಗೂ ಎಟಿವಿಯನ್ನೇ ನಂಬಿರುವ ಹೊಲಮನೆಗಳಲ್ಲಿ ಹದಿನಾರರವರೆಗೆ ಮಕ್ಕಳನ್ನು ದೂರವಿಡುವುದು ಸುಲಭವಲ್ಲವೆಂಬುದೂ ನಿಜ. ದೂರವಿಡಲಾಗದವರು ಗಾತ್ರದಲ್ಲಿಯಾದರೂ ತಪ್ಪಬಾರದಷ್ಟೆ.

“ಆದರೂ ಮಾರಾಟಗಾರರು ವಯಸ್ಸನ್ನು ವಿಚಾರಿಸುವರಷ್ಟೆ?” ಎಂದು ಕೇಳಿದೆ.

“ಮಕ್ಕಳ ಉಪಯೋಗಕ್ಕೆಂದು ದೊಡ್ಡ ವಾಹನವನ್ನು ಮಾರುವುದಿಲ್ಲವೆಂದು ಒಪ್ಪಂದವಿದೆ. ಕೇಂದ್ರ ಸರಕಾರದ ಲೆಕ್ಕಪರಿಶೋಧನಾ ಕಚೇರಿಯವರು ಗ್ರಾಹಕರ ವೇಷದಲ್ಲಿ ಹತ್ತು ಮಳಿಗೆಗಳನ್ನು ಹೊಕ್ಕು ವಿಚಾರಿಸಿದರು; ಏಳರಲ್ಲಿ ಮಾರಲು ಸಿದ್ಧರಿದ್ದರು. ಅವರ ವರದಿ 2010ರದು.”

ಅಷ್ಟರಲ್ಲಿ ಆ ತಂದೆ ಮೂಲೆಯ ಮಹಾಕಾಯನನ್ನು ತಮ್ಮ ಹೆಸರಿನಲ್ಲಿಯೇ ಬರೆಸಿಕೊಂಡು ರುಜು ಹಾಕುತ್ತಿದ್ದರು. ಮಾರಾಟದವನು ಹುಡುಗನ ವಯಸ್ಸನ್ನು ಕೇಳಲಿಲ್ಲ. ಹುಡುಗನ ಹೆಸರನ್ನು ಮಾತ್ರ ಬಹಳ ಪ್ರೀತಿಯಿಂದ ಕೇಳಿದನು.

ಕೊನೆಯಲ್ಲಿ, ಕನ್ನಡದ ಓದುಗರಿಗೆ ಏನಾದರೂ ಸಂದೇಶವುಂಟೆ ಎಂದೆ. “ನಿಮ್ಮ ಮಡಿಕೇರಿಯ ಕಡೆ ಬಾಡಿಗೆಗೆ ದುಡಿಯುವ ನನ್ನ ಜ್ಞಾತಿಗಳಿದ್ದಾರೆ” ಎಂದಿತು. “ಅಲ್ಲಿ ರಜೆಗೆ ಬಂದು ಮಗುವನ್ನು ಮುಂದೆ ಕೂರಿಸಿಕೊಂಡು ಫೋಟೊ ತೆಗೆಸುವವರಿಗೆ ನನ್ನದೊಂದೇ ವಿಜ್ಞಾಪನೆ: ಒಬ್ಬರ ವಾಹನಕ್ಕೆ ಒಬ್ಬರೇ ಏರಿ. ಮಗುವಿನ ತಲೆಗೆ ಹೊಂದುವ ಹೆಲ್ಮೆಟ್ ಇಲ್ಲವೆಂದರೆ, ಕೊಟ್ಟ ಹಣವನ್ನು ಹಿಂದಕ್ಕೆ ಕೇಳಿ, ಮಗುವಿನ ಕೈಹಿಡಿದು ನಡೆದುಬಿಡಿ.”