ಅತ್ತಾವರದ ಕ್ಯಾಪ್ಟನ್

ಮಂಗಳೂರಿನ ಜನಜೀವನದಲ್ಲಿ ಕ್ರಿಕೆಟ್ ತಂಡದ ಮ್ಯಾನೇಜರನಿಗೂ ಯಕ್ಷಗಾನ ಮೇಳದ ವ್ಯವಸ್ಥಾಪಕನಿಗೂ ನಡುವೆ ಎಲ್ಲೋ ನಿಲ್ಲುವ ಹೊಸ ಪ್ರಭೇದವೊಂದು ಈಚೆಗೆ ಕಾಣಿಸಿಕೊಂಡಿದ್ದು, ಅದರ ಉತ್ತಮ ಮಾದರಿಯನ್ನು ಅತ್ತಾವರದಲ್ಲಿ ಅಭ್ಯಸಿಸಬಹುದಾಗಿದೆ. ಅಗಲವಾದ ಹಲಗೆಯ ಮೇಲೆ ನಿಂತು, ಒಂದೇ ಅಲಗಿನ ಉದ್ದ ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ಸಾಗುವ ಆಟಕ್ಕೆ ಪ್ಯಾಡಲಿಂಗ್ ಎಂದು ಹೆಸರು. 2024ರ ಮಾರ್ಚಿನಲ್ಲಿ ಸಸಿಹಿತ್ಲಿನಲ್ಲಿ ಇದರ ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆಯಿತು. ನಾಲ್ಕು ಜನ ಕೂಡಿ ಎರಡು ಹಲಗೆ ಕೊಂಡಲ್ಲೆಲ್ಲ ಒಬ್ಬ ಕ್ಯಾಪ್ಟನ್ ತಾನಾಗಿ ಉದ್ಭವಿಸುತ್ತಾನೆ. ಅವನನ್ನು ಯಾರೂ ಆರಿಸಿರುವುದಿಲ್ಲ. ಹಲಗೆ ಕಟ್ಟುವ ಹಗ್ಗ ಅವನ ಮನೆಯಲ್ಲಿತ್ತು ಎಂಬುದೇ ಅವನ ಅರ್ಹತೆ.

ಅತ್ತಾವರದಲ್ಲಿ ರೈಲು ನಿಲ್ದಾಣವಿದೆ, ದೊಡ್ಡ ಆಸ್ಪತ್ರೆಯಿದೆ, ನದಿಯಿಲ್ಲ. ಆದರೆ ಜೆಪ್ಪುವಿನ ಕಡೆಗೆ ತುಸು ಇಳಿದರೆ ನೇತ್ರಾವತಿ ಸಿಗುತ್ತಾಳೆ, ಇತ್ತ ಸುಲ್ತಾನ್ ಬತ್ತೇರಿಯಲ್ಲಿ ಫಲ್ಗುಣಿ ಸಿಗುತ್ತಾಳೆ, ಇಬ್ಬರೂ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತಾರೆ. ಇಷ್ಟು ನೀರಿನ ನಡುವೆ ಇದ್ದುಕೊಂಡು, ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಊಟಿಯ ಕೆರೆಗೇ ತಂಡವನ್ನು ಒಯ್ಯಬೇಕೆಂದು ಕ್ಯಾಪ್ಟನ್ ಹಟ ಹಿಡಿಯುವುದಕ್ಕೆ ಅವನು ಕೊಡುವ ಕಾರಣ 'ತಣ್ಣೀರಿನ ಅಭ್ಯಾಸ'. ನಿಜವಾದ ಕಾರಣವೆಂದರೆ, ಜೆಪ್ಪುವಿಗೆ ಹೋಗಲು ಟೆಂಪೋ ಟ್ರಾವೆಲರ್ ಬೇಡ, ಘಾಟಿ ಹತ್ತಬೇಕಾಗಿಲ್ಲ, ದಾರಿಯಲ್ಲಿ ತಿಂಡಿಗೆ ಎಲ್ಲಿ ನಿಲ್ಲಿಸುವುದೆಂದು ತೀರ್ಮಾನಿಸುವ ಅಗತ್ಯವಿಲ್ಲ, ಅಂದಮೇಲೆ ಕ್ಯಾಪ್ಟನ್ನನ ಅಗತ್ಯವೂ ಇಲ್ಲ.

ಪ್ರಯಾಣದ ಯೋಜನೆಯಲ್ಲಿ ಅವನ ಪಾಂಡಿತ್ಯ ಪ್ರಶ್ನಾತೀತ. ಬಂಡೀಪುರದ ಕಾಡಿನ ರಸ್ತೆ ವನ್ಯಜೀವಿಗಳ ರಕ್ಷಣೆಗಾಗಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬುದನ್ನು ಆಧಾರವಾಗಿಟ್ಟುಕೊಂಡು ಅವನು ಹಿಂದಕ್ಕೆ ಲೆಕ್ಕ ಹಾಕುತ್ತ ಬಂದು, ಗುಂಡ್ಲುಪೇಟೆ, ಮೈಸೂರು, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರುಗಳಿಗೆ ಒಂದೊಂದು ಸಮಯ ನಿಗದಿಮಾಡಿ, ಅತ್ತಾವರ ಕಟ್ಟೆಯಲ್ಲಿ ಬೆಳಗಿನ ಜಾವ 4ಕ್ಕೆ ಎಲ್ಲರೂ ಹಾಜರಿರಬೇಕೆಂದು ಆಜ್ಞೆ ಹೊರಡಿಸುತ್ತಾನೆ. 4ಕ್ಕೆ ಹಾಜರಿರುವವರು ಅವನು ಮತ್ತು ಬೀದಿನಾಯಿಗಳು. ಆರೂವರೆಗೆ ಕಣ್ಣುಜ್ಜುತ್ತ ಬರುವವನಿಗೆ "ಎಂತ ಮಾರಾಯ, ಮದುವೆಗೆ ಹೊರಟದ್ದಾ?" ಎಂಬ ಸ್ವಾಗತ ಸಿಗುತ್ತದೆ. ಈ ವಿಳಂಬವನ್ನೂ ಅವನು ಮೊದಲೇ ಲೆಕ್ಕಕ್ಕೆ ಸೇರಿಸಿರುತ್ತಾನೆಂಬುದು ಗುಂಡ್ಲುಪೇಟೆ ದಾಟಿದ ಮೇಲೆಯೇ ಉಳಿದವರಿಗೆ ತಿಳಿಯುವುದು.

ಅವನ ವಿಜ್ಞಾನ ಮಾತ್ರ ಇಷ್ಟು ನಂಬಿಕಸ್ಥವಲ್ಲ. ಗಾಳಿ ತುಂಬುವ ಹಲಗೆಗಳನ್ನು ಕೆರೆಯ ದಡದಲ್ಲಿ ಊದಿಸುತ್ತ ಕೂರುವುದು ಕಾಲಹರಣವೆಂದು ಬಗೆದು ಅವನು ಅತ್ತಾವರದಲ್ಲೇ ಪಂಪು ಹೊಡೆಸಿ, ಬಿಗಿದ ಹಲಗೆಗಳನ್ನು ವಾಹನದ ನೆತ್ತಿಯ ಮೇಲೆ ಕಟ್ಟಿಸುತ್ತಾನೆ. ಊಟಿಯ ಎತ್ತರದಲ್ಲಿ ಹೊರಗಿನ ವಾಯುಭಾರ ಕರಾವಳಿಗಿಂತ ಹೆಚ್ಚುಕಡಿಮೆ ಕಾಲು ಭಾಗದಷ್ಟು ಕಡಿಮೆಯಿರುವುದರಿಂದ, ಘಾಟಿ ಏರಿದಂತೆ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಉಬ್ಬುವ ಹಾಗೆಯೇ ಹಲಗೆಯೂ ಬಿಗಿಯುತ್ತದೆ; ಚಳಿಗೆ ಒಳಗಿನ ಗಾಳಿ ಕುಗ್ಗಿ ಒಂದಿಷ್ಟು ಸಮತೋಲ ಒದಗಿದರೂ ಒಟ್ಟಿನಲ್ಲಿ ಬಿಗಿತವೇ ಗೆಲ್ಲುತ್ತದೆ. ಗುಡಲೂರು ದಾಟಿ ತಿರುವುಗಳು ಶುರುವಾದೊಡನೆ ಮೇಲಿನಿಂದ ಕೇಳಿಬರುವ ಕಿರ್ ಎಂಬ ಸದ್ದಿಗೆ ತಂಡವಿಡೀ ಉಸಿರು ಬಿಗಿಹಿಡಿದು ಕೂರುವಾಗ, ಕ್ಯಾಪ್ಟನ್ ಮಾತ್ರ ತಾನು ಕಟ್ಟಿದ ಹಗ್ಗದ ಗಂಟನ್ನು ಹೊಗಳುತ್ತಿರುತ್ತಾನೆ.

ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1824ರ ಸುಮಾರಿಗೆ ಹೊಳೆನೀರಿಗೆ ಅಡ್ಡ ಕಟ್ಟಿಸಿ ಮಾಡಿಸಿದ ಈ ಕೆರೆಯ ದಡದಲ್ಲಿ ಕ್ಯಾಪ್ಟನ್ನನ ಭಾಷಣ ನಡೆಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಹೀರುತ್ತದೆ, ತಣ್ಣೀರಿಗೆ ಬಿದ್ದವನು ಮೊದಲ ನಿಮಿಷದಲ್ಲಿ ತಡೆಯಲಾಗದೆ ಏದುಸಿರು ಬಿಡುತ್ತಾನೆ, ಆದ್ದರಿಂದ ಜೀವರಕ್ಷಕ ಅಂಗಿಯಿಲ್ಲದೆ ಯಾರೂ ಇಳಿಯಕೂಡದು ಎಂದು ಅವನು ಹೇಳುವುದೆಲ್ಲ ಸತ್ಯ. ಮಂಕಿ ಟೋಪಿ, ಮಫ್ಲರು, ಎರಡು ಸ್ವೆಟರುಗಳೊಳಗಿಂದ ಹೇಳುತ್ತಾನೆಂಬುದೂ, ಅರ್ಧ ಚಡ್ಡಿಯಲ್ಲಿ ನಡುಗುತ್ತಿರುವವರು ಕೇಳುತ್ತಾರೆಂಬುದೂ ಅಷ್ಟೇ ಸತ್ಯ. ತಾನು ನೀರಿಗಿಳಿಯದಿರುವುದಕ್ಕೆ ಅವನಲ್ಲಿ ಸಿದ್ಧವಾದ ತತ್ತ್ವವಿದೆ: ದಡದಲ್ಲಿ ಒಬ್ಬ ಜವಾಬ್ದಾರಿಯುಳ್ಳವನು ಇರಲೇಬೇಕು.

ಅಲ್ಲಿಯ ದೋಣಿಮನೆ ತಮಿಳುನಾಡು ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ್ದು, ಪ್ರವಾಸಿಗಳು ಟಿಕೇಟು ಪಡೆದು ಅಲ್ಲಿಯ ದೋಣಿಗಳಲ್ಲೇ ಹೋಗಬೇಕು ಎಂಬ ಸಂಗತಿ ಭಾಷಣ ಮುಗಿದ ಮೇಲೆ ಬಯಲಿಗೆ ಬರುತ್ತದೆ. ನೇತ್ರಾವತಿಯ ಇಳಿತದ ಸೆಳೆತವನ್ನು ಮೀರಿ ಹುಟ್ಟು ಹಾಕಬಲ್ಲ ದೃಢಕಾಯರು ಆಗ ಇಬ್ಬಿಬ್ಬರಾಗಿ ಪೆಡಲ್ ದೋಣಿಯಲ್ಲಿ ಕುಳಿತು, ಮಧುಚಂದ್ರಕ್ಕೆ ಬಂದ ಜೋಡಿಗಳ ನಡುವೆ ಕಾಲು ತುಳಿಯುತ್ತ ಕೆರೆ ಸುತ್ತುತ್ತಾರೆ, ದಡದಿಂದ "ಲೈನ್ ಹಿಡಿಯಿರಿ!" ಎಂಬ ಕೂಗು ಬರುತ್ತಲೇ ಇರುತ್ತದೆ. ಇದರಿಂದ ಕ್ಯಾಪ್ಟನ್ನನ ಉತ್ಸಾಹಕ್ಕೆ ಭಂಗವೇನೂ ಬರುವುದಿಲ್ಲ, ಏಕೆಂದರೆ ಅವನ ಆಟ ಕೆರೆಯದ್ದಲ್ಲ, ರಸ್ತೆಯದ್ದು. ಮತ್ತು ಆ ಆಟದಲ್ಲಿ ಅವನನ್ನು ಮೀರಿಸುವವರು ಅತ್ತಾವರದಲ್ಲಿ ಇನ್ನೂ ಹುಟ್ಟಿಲ್ಲ. ಇಂಥ ತಂಡಕ್ಕೆ ಸೇರಬಯಸುವ ಓದುಗರು ಸ್ವೆಟರನ್ನೂ ನೀಲಗಿರಿ ಪ್ರವೇಶದ ಇ-ಪಾಸನ್ನೂ ಮರೆಯದೆ ಒಯ್ಯಲಿ, ಹಲಗೆಯನ್ನು ಮನೆಯಲ್ಲೇ ಬಿಡಲಿ.