ವಸೂಲಿ ರಾಯರು

ಜಮೈಕಾದ ಪಶ್ಚಿಮದ ತುದಿ, ನೆಗ್ರಿಲ್. ಬೆಳಗಿನ ಆರು ಗಂಟೆಗೆ ಅಲ್ಲಿನ ಕಡಲ ದಂಡೆಯಲ್ಲಿ ಎದ್ದು ಓಡಾಡುವ ಜೀವಿಗಳು ಮೂರೇ: ಮರಳು ಗುಡಿಸುವ ರೆಸಾರ್ಟಿನ ಕೆಲಸದವರು, ಏಡಿಗಳು ಮತ್ತು ವಸೂಲಿ ರಾಯರು. ರಾಯರ ಹೆಗಲ ಮೇಲೆ ನಾಲ್ಕು ಟವೆಲು. ನೆರಳು ಎತ್ತ ತಿರುಗುತ್ತದೆಂದು ಹಿಂದಿನ ದಿನವೇ ನೋಡಿಟ್ಟುಕೊಂಡಿದ್ದಾರೆ. ನಾಲ್ಕು ಕುರ್ಚಿಗಳ ಮೇಲೆ ಟವೆಲು ಹಾಸಿ, ಒಂದರ ಮೇಲೆ ಚಪ್ಪಲಿ, ಇನ್ನೊಂದರ ಮೇಲೆ ಯಾರೂ ಓದದ ದಪ್ಪ ಪುಸ್ತಕ ಇಟ್ಟು, ತೃಪ್ತಿಯಿಂದ ಕೋಣೆಗೆ ಹೋಗಿ ಮಲಗುತ್ತಾರೆ. ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಸ್ಸಿನ ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿದು ಪಳಗಿದ ಕೈ ಅದು.

ರಾಯರು ನಿಮಗೂ ಗೊತ್ತು. ಹುಟ್ಟೂರು ಹಾಸನವೋ ಶಿವಮೊಗ್ಗವೋ ಇದ್ದೀತು. ಮನೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಕೆಲಸ ಸಾಫ್ಟ್‌ವೇರು. ಸಂಬಳಕ್ಕೆ ಕೊರತೆಯಿಲ್ಲ, ಜಿಪುಣರೂ ಅಲ್ಲ. ಕೊಟ್ಟ ದುಡ್ಡು ಹುಟ್ಟಲೇಬೇಕು ಎಂಬ ಹಟ, ಅಷ್ಟೆ.

ಇಂಥವರ ಕೈಗೆ ‘ಆಲ್ ಇನ್‌ಕ್ಲೂಸಿವ್’ ಪ್ಯಾಕೇಜು ಸಿಗಬಾರದಿತ್ತು. ಕೋಣೆ, ಊಟ, ಕುಡಿತ, ಆಟ ಎಲ್ಲಕ್ಕೂ ಮೊದಲೇ ಒಂದೇ ಗಂಟು ಕಟ್ಟಿಸಿಕೊಳ್ಳುವ ಏರ್ಪಾಡು ಇದು. 1950ರಲ್ಲಿ ಬೆಲ್ಜಿಯಂನ ಜೆರಾರ್ ಬ್ಲಿಟ್ಸ್ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆ ಹೊಡೆದು ಕ್ಲಬ್ ಮೆಡ್ ಎಂಬ ಈ ಬಗೆಯ ರಜಾಶಿಬಿರ ಶುರುಮಾಡಿದ. 1981ರಲ್ಲಿ ಬುಚ್ ಸ್ಟೂವರ್ಟ್ ಜಮೈಕಾದ ಮಾಂಟಿಗೋ ಬೇಯಲ್ಲಿ ಸ್ಯಾಂಡಲ್ಸ್ ಎಂಬ ರೆಸಾರ್ಟು ತೆರೆದ. ರಜೆಗೆ ಬಂದವನು ಪರ್ಸಿನ ಚಿಂತೆ ಬಿಟ್ಟು ಹಾಯಾಗಿರಲಿ ಎಂಬುದೇ ಇದರ ಬಂಡವಾಳ. ಇಬ್ಬರಿಗೂ ರಾಯರ ಪರಿಚಯವಿರಲಿಲ್ಲ.

ರಾಯರು ಬುಕ್ ಮಾಡುವುದು ಆಗಸ್ಟ್ ಕೊನೆಗೆ. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30; ಅದರಲ್ಲೂ ಆಗಸ್ಟ್ ನಡುವಿನಿಂದ ಜೋರು. ಅದಕ್ಕೇ ದರ ಇಳಿದಿರುತ್ತದೆ. ಹೆಂಡತಿ ಅಳುಕಿದರೆ, “ಬಂದರೆ ಅದೂ ಪ್ಯಾಕೇಜಿನಲ್ಲೇ ಕಣೇ” ಎನ್ನುತ್ತಾರೆ.

ಬಂದಿಳಿದ ಕೂಡಲೇ ಮಣಿಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿ ಬೀಳುತ್ತದೆ. ಆ ಗಳಿಗೆಯಿಂದ ರಾಯರು ಅಕ್ಷರಶಃ ಕಂಕಣಬದ್ಧರು.

ಬೆಳಗಿನ ಬಫೆಯಲ್ಲಿ ಮೊದಲ ಸುತ್ತು ಬರಿಗೈಯಲ್ಲಿ, ಬರೀ ತಪಾಸಣೆಗೆ. ಹಳದಿ ಬಣ್ಣದ್ದೊಂದು ಮುದ್ದೆಮುದ್ದೆಯಾಗಿ ಕಾಣುತ್ತದೆ. ಮೊಟ್ಟೆಯಿರಬೇಕೆಂದು ಹಿಂದೆ ಸರಿಯುತ್ತಾರೆ. ಮೊಟ್ಟೆಯಲ್ಲ, ಇದು ಅಕೀ, ನಮ್ಮ ರಾಷ್ಟ್ರೀಯ ಹಣ್ಣು ಎಂದು ಬಡಿಸುವಾಕೆ ಹೇಳುತ್ತಾಳೆ. ರಾಯರು ಎರಡು ಸೌಟು ಹಾಕಿಸಿಕೊಳ್ಳುತ್ತಾರೆ. ಜೊತೆಗಿರುವುದು ಉಪ್ಪುಮೀನು ಎಂದು ಆಕೆ ಮುಂದುವರಿಸಿದಾಗ ತಟ್ಟೆ ಮೇಜಿನ ಮೇಲೇ ಉಳಿಯುತ್ತದೆ. ಪಕ್ಕದಲ್ಲೇ ‘ಕ್ಯಾಲಲೂ’ ಎಂಬ ಚೀಟಿ ಹೊತ್ತ ಪಾತ್ರೆ. ಅದರಲ್ಲಿರುವುದು ನಮ್ಮ ದಂಟು, ಹರಿವೆಯ ಜಾತಿಯ ಸೊಪ್ಪಿನ ಪಲ್ಯ. ಅದರಾಚೆ ಸುಟ್ಟ ದಿವಿಹಲಸು. 1793ರಲ್ಲಿ ಕ್ಯಾಪ್ಟನ್ ಬ್ಲೈ ಪೆಸಿಫಿಕ್ ಸಾಗರದ ತಹೀತಿಯಿಂದ ಹಡಗಿನಲ್ಲಿ ಸಸಿ ಹೊತ್ತು ತಂದ ಮರದ ಕಾಯಿ. ಎರಡೂ ಸಸ್ಯಾಹಾರ, ಎರಡೂ ರುಚಿ. ರಾಯರು ಮುಟ್ಟುವುದಿಲ್ಲ. “ಸೊಪ್ಪು ತಿನ್ನೋಕೆ ಇಷ್ಟು ದುಡ್ಡು ಕೊಟ್ಟು ಬರಬೇಕಿತ್ತಾ?” ಅವರ ತಟ್ಟೆಗೆ ಬರುವುದು ದುಬಾರಿ ಚೀಸು, ದುಬಾರಿ ಬೆರ್ರಿ. ಜೊತೆಗೆ ಬ್ಲೂ ಮೌಂಟನ್ ಕಾಫಿ. ಅದರ ಬೆಲೆ ಗೊತ್ತಿರುವುದರಿಂದ ಮೂರು ಕಪ್ಪು. ಎದೆಯುರಿಗೆ ಮಾತ್ರೆಯನ್ನು ಮನೆಯಿಂದಲೇ ತಂದಿರುತ್ತಾರೆ. ಏಳುವಾಗ ನಾಲ್ಕು ಬಾಳೆಹಣ್ಣು ಹೆಂಡತಿಯ ಬ್ಯಾಗಿಗೆ.

“ರೀ, ಮಧ್ಯಾಹ್ನ ಇಲ್ಲೇ ಮತ್ತೆ ಕೊಡ್ತಾರಲ್ರೀ.”

“ಕೊಡಲಿ. ಅದು ಬೇರೆ ಲೆಕ್ಕ.”

ಆದರೆ ರಾಯರ ಖಾತೆಯಲ್ಲಿ ಒಂದು ಭಾರೀ ನಷ್ಟವಿದೆ: ಅವರು ಕುಡಿಯುವುದಿಲ್ಲ. ರಮ್ಮಿನ ನಾಡಿಗೆ ಬಂದು, ರಮ್ಮಿಗೂ ಸೇರಿಸಿಯೇ ದುಡ್ಡು ಕಟ್ಟಿ, ಈಜುಕೊಳದ ಬಾರಿನಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು ಅನಾನಸ್ಸು, ತೆಂಗಿನ ಹಾಲಿನ ಶರಬತ್ತು ಹೀರುತ್ತಾರೆ. ಪಕ್ಕದ ಕೆನಡಾದವನು ಗ್ಲಾಸು ಎತ್ತಿದಾಗೆಲ್ಲ ತಮ್ಮ ದುಡ್ಡೇ ಅವನ ಗಂಟಲಲ್ಲಿ ಇಳಿದಂತೆ ಸಂಕಟ. ಈ ನಷ್ಟ ತುಂಬಲು ಬೆಳಿಗ್ಗೆ ಯೋಗ, ಆಮೇಲೆ ಬಿಲ್ಲುವಿದ್ಯೆ, ಆಮೇಲೆ ಕಯಾಕು, ಸಂಜೆ ರೆಗೆ ನೃತ್ಯದ ಪಾಠ. ದೊಡ್ಡ ಮಗ ಒಮ್ಮೆ ಗೋಗರೆಯುತ್ತಾನೆ: “ಅಪ್ಪಾ, ಸ್ವಲ್ಪ ಸುಮ್ನೆ ಕೂತ್ಕೊಳ್ಳೋಣ.” ರಾಯರ ಉತ್ತರ ಸಿದ್ಧ: “ಸುಮ್ನೆ ಕೂತ್ಕೊಳ್ಳೋಕೆ ಎಡಿಸನ್‌ನಲ್ಲಿ ಸೋಫಾ ಇದೆ.”

ರಾಯರ ಲೆಕ್ಕ ತಪ್ಪುವುದು ಆ ಬಾರಿನ ಹುಡುಗನ ಎದುರು ಮಾತ್ರ. ಇಂಡಿಯಾದವರು ಎಂದು ಗೊತ್ತಾದದ್ದೇ ಅವನು 2006ರ ಕಿಂಗ್‌ಸ್ಟನ್ ಟೆಸ್ಟ್ ಎತ್ತುತ್ತಾನೆ. ಸಬೀನಾ ಪಾರ್ಕಿನ ಪಿಚ್ಚಿನಲ್ಲಿ ಮಿಕ್ಕವರೆಲ್ಲ ತರಗೆಲೆಯಂತೆ ಉದುರುತ್ತಿದ್ದಾಗ ದ್ರಾವಿಡ್ 81 ಮತ್ತು 68 ಹೊಡೆದು, 35 ವರ್ಷಗಳ ಮೇಲೆ ವೆಸ್ಟ್ ಇಂಡೀಸಿನಲ್ಲಿ ಭಾರತಕ್ಕೆ ಸರಣಿ ಗೆದ್ದುಕೊಟ್ಟ ಪಂದ್ಯ. “ನಮ್ಮ ಬೆಂಗಳೂರಿನ ಹುಡುಗ!” ಎಂದು ರಾಯರು ನೀರಿನಲ್ಲೇ ನಿಂತು ಮುಂಗಾಲಿನ ಡಿಫೆನ್ಸು ಆಡಿ ತೋರಿಸುತ್ತಾರೆ. ಮಧ್ಯಾಹ್ನದ ಬಫೆ ಮುಚ್ಚಿದ್ದೂ ಅವರಿಗೆ ತಿಳಿಯುವುದಿಲ್ಲ.

ಹುಡುಗನ ಪೂರ್ವಜರೂ ಭಾರತದವರೇ. 1845ರಿಂದ ಕಬ್ಬಿನ ತೋಟಗಳಿಗೆ ಹಡಗು ಹಡಗಾಗಿ ತಂದು ಇಳಿಸಿದ ಕೂಲಿಗಳ ಪೈಕಿ. ಮನೆ ಹತ್ತಿರದ ಸವಾನಾ ಲಾ ಮಾರ್ ಊರಲ್ಲಿ. ತಾನು ದಿನವಿಡೀ ಶರಬತ್ತು ಕಲಸುವ ಈ ದಂಡೆಯಲ್ಲಿ ರಜಾದಿನ ಕಡಲಿಗಿಳಿಯೋಣವೆಂದರೆ ಅವನಿಗೆ ಪ್ರವೇಶವಿಲ್ಲ. ಅವನ ಮಣಿಕಟ್ಟಿನಲ್ಲಿ ಪಟ್ಟಿಯಿಲ್ಲ. 1956ರ ಕಡಲತೀರ ನಿಯಂತ್ರಣ ಕಾಯ್ದೆಯೂ ಜನಸಾಮಾನ್ಯರಿಗೆ ಆ ಹಕ್ಕು ಕೊಟ್ಟಿಲ್ಲ. ಇದನ್ನೆಲ್ಲ ಅವನು ನಗುತ್ತಲೇ ಹೇಳಿ, ಕೊನೆಗೆ ಕರೆಯುತ್ತಾನೆ: “ಭಾನುವಾರ ನಮ್ಮ ಮನೆಗೆ ಬನ್ನಿ ಸಾರ್. ನಮ್ಮಜ್ಜಿ ರೊಟ್ಟಿ ಮಾಡ್ತಾಳೆ. ತೊಗರಿಕಾಳು ಹಾಕಿ ತೆಂಗಿನ ಹಾಲಿನಲ್ಲಿ ಅನ್ನ ಮಾಡ್ತಾಳೆ. ನಿಮಗೆ ಮೀನು ಮಾಂಸ ಏನೂ ಹಾಕೋದಿಲ್ಲ.”

ರಾಯರ ಬಾಯಲ್ಲಿ ನೀರೂರುತ್ತದೆ. ಆದರೆ ಅಭ್ಯಾಸ ದೊಡ್ಡದು.

“ಅದು ಪ್ಯಾಕೇಜಿನಲ್ಲಿ ಇದೆಯಾ?”

ಇಲ್ಲ ಎನ್ನುತ್ತಾನೆ ಹುಡುಗ, ತುಸು ಗಲಿಬಿಲಿಗೊಂಡು. ಸರಿ, ಭಾನುವಾರ ರಾಯರು ರೆಸಾರ್ಟಿನಲ್ಲೇ ಉಳಿಯುತ್ತಾರೆ. ಭಾನುವಾರದ ಊಟಕ್ಕೂ ದುಡ್ಡು ಕೊಟ್ಟಾಗಿದೆಯಲ್ಲ. ಇಡೀ ಜಮೈಕಾದಲ್ಲಿ ಅವರಿಗೆ ಪುಕ್ಕಟೆ ಸಿಗುತ್ತಿದ್ದದ್ದು ಅದೊಂದೇ ಊಟ.

ರಾಯರನ್ನು ಕಂಡು ನಾವು ಬಹಳ ನಗಬೇಕಾಗಿಲ್ಲ. ‘ಅನ್‌ಲಿಮಿಟೆಡ್ ಊಟ’ದ ಬೋರ್ಡು ಕಂಡ ದಿನ ತಿಂಡಿ ಬಿಟ್ಟು ಹೋದವರೇ ನಾವೆಲ್ಲ. ನೆಗ್ರಿಲ್ ಇರಲಿ, ಗೋಕರ್ಣ ಇರಲಿ, ರಜೆಗೆ ಹೋದಾಗ ಅಲ್ಲಿನವರು ಯಾರಾದರೂ ಊಟಕ್ಕೆ ಮನೆಗೆ ಕರೆದರೆ, ಲೆಕ್ಕ ಹಾಕದೆ ಎದ್ದು ಹೋಗಿ. ಕಟ್ಟಿದ ದುಡ್ಡು ಎಲ್ಲಿಗೂ ಓಡಿಹೋಗುವುದಿಲ್ಲ. ಅದು ಆಗಲೇ ಹೋಗಿದೆ.