ಮರ್ಟಲ್ ಬೀಚಿಗೆ ಖಡಕ್ ರೊಟ್ಟಿ

ಶಾರ್ಲಟ್‌ನಲ್ಲಿರುವ ನಮ್ಮ ನಾಲ್ಕು ಮನೆಗಳ ಗಂಡಸರಿಗೆ ಅಪ್ಪ-ಅವ್ವ ಇಟ್ಟ ಹೆಸರು ಉಳಿದಿಲ್ಲ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಅಂತಲೇ ಫೋನಿನಲ್ಲಿ ಸೇವ್ ಆಗಿದ್ದಾರೆ. "ಶಿರಹಟ್ಟಿ ಹೊಂಟೈತಿ, ಮುಂಡರಗಿ ಇನ್ನೂ ಬಂದಿಲ್ಲ" ಎಂದು ನನ್ನ ಗಂಡ ಫೋನಿನಲ್ಲಿ ಒದರುವಾಗ ಗದಗಿನ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ನೆನಪಾಗುತ್ತಾನೆ. ಅವರು ಗದಗ, ನಾನು ಬೆಟಗೇರಿ. ನಗರಸಭೆ ಒಂದೇ, ಆದರೆ ಠರಾವುಗಳು ಒಮ್ಮತದಿಂದ ಪಾಸಾದದ್ದು ಕಡಿಮೆ.

ಈ ನಾಲ್ವರ ಮೈಯಲ್ಲಿ ಈಗ ಗಾಲ್ಫ್ ಹೊಕ್ಕಿದೆ. ಚಿಣಿಫಣಿ ಆಡಿ ಮಂದಿ ಮನೆ ಹಂಚು ಒಡೆದದ್ದು ಬಿಟ್ಟರೆ ಕೋಲು ಬೀಸಿದ ಅನುಭವ ಇವರಿಗಿಲ್ಲ. ಆದರೂ ಸೌತ್ ಕೆರೊಲಿನಾದ ಮರ್ಟಲ್ ಬೀಚಿಗೇ ಹೋಗಬೇಕಂತೆ. ನಮ್ಮಿಂದ ಮೂರೂವರೆ ನಾಲ್ಕು ತಾಸಿನ ಹಾದಿ. ಹತ್ತಿರಹತ್ತಿರ ನೂರು ಕಿಲೋಮೀಟರ್ ಉದ್ದದ ಮರಳ ದಂಡೆ, ಅದರ ಬೆನ್ನಿಗೆ ಎಂಬತ್ತರ ಆಸುಪಾಸು ಗಾಲ್ಫ್ ಮೈದಾನ. ಮೊದಲನೆಯದು ಶುರುವಾದದ್ದು 1927ರಲ್ಲಿ. ರೂಮು, ಆಟ, ಗಾಡಿ ಎಲ್ಲ ಸೇರಿಸಿ ಒಂದೇ ರೇಟಿನ ಪ್ಯಾಕೇಜ್ ಕೊಡುತ್ತಾರೆ. ಮುಂಡರಗಿ ಕೂಡಲೇ ಒಂದು ಎಕ್ಸೆಲ್ ಶೀಟ್ ಮಾಡಿದ. ಎಕ್ಸೆಲ್ ಇಲ್ಲದೆ ಆತ ಜವಳವನ್ನೂ ಮಾಡಿಸಿಲ್ಲ.

ತಾರೀಖಿಗೇ ಮೊದಲ ತಕರಾರು. ಅಗ್ಗದ ರೇಟು ಯಾವಾಗಲೂ ವಾರದ ನಡುವೆ. ಒಂದು ದಿನ ಅಮಾಸಿ ಬಿತ್ತು, ಅದನ್ನು ಯಾರೂ ಬಾಯಿಬಿಟ್ಟು ಆಡದೆ ಎಲ್ಲರೂ ಸೇರಿ ಅಳಿಸಿದೆವು. ಉಳಿದದ್ದು ಸೋಮವಾರ. ಊರಿಂದ ಬಂದಿದ್ದ ನಮ್ಮ ಅತ್ತೆಯ ತವರು ಮುಂಡರಗಿ ಕಡೆಯ ಒಕ್ಕಲುಮನೆ.

"ಸ್ವಾಮಾರ ಎತ್ತಿನ ಹೆಗಲಿಗೆ ನೊಗಾ ಇಡೂದಿಲ್ಲಪ್ಪಾ."

"ಯವ್ವಾ, ಅದು ಕರೆಂಟಿನ ಗಾಡಿ. ಎತ್ತು ಇರೂದಿಲ್ಲ."

"ನೀವು ನಾಕ್ ಮಂದಿ ಅದೀರೆಲ್ಲ!"

ಶನಿವಾರ ಅಂತ ಬರೆದುಕೊಂಡರು, ರೊಕ್ಕ ಜಾಸ್ತಿಯಾದರೂ.

ಮನೆ ಆರಿಸುವಾಗ ಗಂಡಸರು ಫೋಟೋ ದೊಡ್ಡದು ಮಾಡಿ ಕಿಟಕಿಯಿಂದ ಹಸಿರು ಕಾಣುತ್ತದೋ ಇಲ್ಲವೋ ನೋಡಿದರು. ನಾವು ಹೆಂಗಸರು ದೊಡ್ಡದು ಮಾಡಿದ್ದು ಒಲೆಯನ್ನು. ಒಂದಕ್ಕೂ ಉರಿ ಇಲ್ಲ. ಎಲ್ಲವೂ ಗಾಜಿನ ಮೇಲ್ಮೈಯ ಕರೆಂಟ್ ಒಲೆ. ಜೋಳದ ರೊಟ್ಟಿ ಬಲ್ಲವರಿಗೆ ಇದರ ಸಂಕಟ ಗೊತ್ತು. ಹಂಚಿನ ಮೇಲೆ ಹಾಕಿ, ಅರಿವೆ ಅದ್ದಿ ನೀರು ಸವರಿ, ಮಗುಚಿ, ಕೊನೆಗೆ ಉರಿಗೆ ತೋರಿಸಿದರೆ ತಾನೇ ಅದು ಉಬ್ಬುವುದು? ಗಾಜಿನ ಒಲೆಗೆ ತೋರಿಸಿದರೆ ಅದು ನಿಮ್ಮ ಮುಖ ನೋಡುತ್ತದೆ. ಮೇಲೆ ಇಲ್ಲಿಯ ಅಂಗಡಿಯ ಹಿಟ್ಟು ಯಾವ ಕಾಲದಲ್ಲಿ ಬೀಸಿದ್ದೋ, ಜಿಗಿಯೇ ಇರುವುದಿಲ್ಲ. ಕುದಿಯುವ ಎಸರು ಹಾಕಿ ನಾದಿದರೂ ಅಂಚು ಸೀಳುತ್ತದೆ. ಮಿರ್ಚಿ ಕರಿಯೋಣ ಎಂದರೆ ಹೊಗೆ ಗಂಟೆ ಬಡಿದುಕೊಂಡು ಇಡೀ ಕಟ್ಟಡದವರನ್ನು ಅಂಗಳಕ್ಕೆ ಇಳಿಸುತ್ತದೆ. ಲಕ್ಷ್ಮೇಶ್ವರದ ಅಕ್ಕ ತೀರ್ಪು ಕೊಟ್ಟರು: ಖಡಕ್ ರೊಟ್ಟಿ ಇಲ್ಲಿಂದಲೇ ಮಾಡಿಕೊಂಡು ಒಯ್ಯುವುದು. ಎಕ್ಸೆಲ್‌ನಲ್ಲಿ ರೊಟ್ಟಿಗೊಂದು ಕಾಲಮ್ ಬಂತು. ಅದರ ಹಿಂದೆಯೇ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಿರ್ಮಿಟ್ಟಿನ ಚುರಮುರಿ.

ಗಾಲ್ಫ್ ಚೀಲದಲ್ಲಿ 14 ಕೋಲಿಗಿಂತ ಹೆಚ್ಚು ಇರಬಾರದೆಂದು ನಿಯಮವಂತೆ. ನಾಲ್ಕೂಕಾಲು ಇಂಚಿನ ಕುಣಿಗೆ ಚೆಂಡು ಬೀಳಿಸಲು 14 ಕೋಲು; ರೊಟ್ಟಿ ಬಡಿಯಲು ಎರಡು ಕೈ. ಇರಲಿ, ಆ ಚೀಲಕ್ಕೆ ಕಿಸೆಗಳು ಮಾತ್ರ ಭಾರಿ ಅನುಕೂಲ. ಚಟ್ನಿ ಡಬ್ಬಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಜೀನ್ಸ್ ಬೇಡ, ಕಾಲರ್ ಇರುವ ಅಂಗಿಯೇ ಬೇಕು ಎಂದು ಇನ್ನೊಂದು ನಿಯಮ. ಮಾವ ಅದನ್ನು ಎರಡು ಸಲ ಓದಿಸಿಕೊಂಡು, "ಧೋತರದ ಸುದ್ದಿ ಏನೂ ಇಲ್ಲಲಾ" ಎಂದು ಖುಷಿಯಾದರು.

ಒಂದು ಸಂಜೆ ಟೀವಿಯಲ್ಲಿ ಆ ಮೈದಾನದ ವಿಡಿಯೋ ಹಾಕಿದರು. ಹದಿನೆಂಟು ಕುಣಿ, ಕೆರೆ, ಕೆರೆ ದಂಡೆಯಲ್ಲಿ 'ಮೊಸಳೆಗಳಿವೆ' ಎಂಬ ಬೋರ್ಡು. ಅತ್ತೆ ಎದ್ದು ಟೀವಿಯ ಹತ್ತಿರವೇ ಹೋಗಿ ನಿಂತರು. ಮೊಸಳೆ ನೋಡಲು ಅಲ್ಲ.

"ಇದು ಕರಕಿ ಅಲ್ಲೇನು?"

ಕರಕಿಯೇ. ಇಲ್ಲಿ ಅದನ್ನು ಬರ್ಮುಡಾ ಹುಲ್ಲು ಅನ್ನುತ್ತಾರೆ. ಬಿಸಿಲು ತಡೆಯುತ್ತದೆಂದು ಈ ದಕ್ಷಿಣದ ಮೈದಾನಗಳಲ್ಲೆಲ್ಲ ಅದರ ಸುಧಾರಿಸಿದ ತಳಿಗಳನ್ನೇ ಹಚ್ಚುತ್ತಾರೆ. ನಾವು ಗಣಪತಿಗೆ ಎಣಿಸಿ ಏರಿಸುವ ಆ ಎಳೆಯ ಬಳಗವೇ.

"ಎರಿ ಹೊಲದಾಗ ಇದರ ಬೇರು ತಗೀಲಿಕ್ಕೆ ಮಂದಿ ಹಚ್ಚಿ ಅಗಿಸ್ತಿದ್ರು ನಮ್ಮಪ್ಪ. ಅರ್ಧ ಆಯುಷ್ಯ ಅದರಾಗ ಹೋತು. ಇವ್ರು ನೀರು ಬಿಟ್ಟು ಬೆಳಸ್ಯಾರ! ಮ್ಯಾಲೆ ನೀವು ರೊಕ್ಕಾ ಕೊಟ್ಟು ಅದನ್ನ ತುಳ್ಯಾಕ ಹೊಂಟೀರಿ!"

ಅಷ್ಟರಲ್ಲಿ ತುಂತುರು ನೀರಿನ ಸಾಲು ಚಿಮ್ಮಿತು. ನಳ ಬರುವ ದಿನ ಕೊಡ ಸಾಲಿಟ್ಟು ಕಾದ ಗದಗ-ಬೆಟಗೇರಿಯ ಮಂದಿ ನಾವು. ಗಂಡ-ಹೆಂಡತಿ ಇಬ್ಬರೂ ಸುಮ್ಮನೆ ನೋಡಿದೆವು. ನಗರಸಭೆಯಲ್ಲಿ ಅಪರೂಪದ ಒಮ್ಮತ.

ಹೊರಡುವ ವಾರ ಶಿರಹಟ್ಟಿಯ ಹೆಗಲು ಹಿಡಿಯಿತು. ಬೇಸ್‌ಮೆಂಟಿನಲ್ಲಿ ಯೂಟ್ಯೂಬ್ ನೋಡಿ ಕೋಲು ಬೀಸಿದ ಫಲ. ಆತ ಬರುತ್ತಾನೆ, ಆಡುವುದಿಲ್ಲ. ಮೂವರೇ ಇದ್ದರೆ ಒಂಟಿಯಾಗಿ ಬಂದ ಯಾರಾದರೂ ಅಪರಿಚಿತನನ್ನು ನಾಲ್ಕನೆಯವನಾಗಿ ಸೇರಿಸುವುದು ಅಲ್ಲಿಯ ರೂಢಿ. ಗಂಡಸರಿಗೆ ಚಿಂತೆ: ಆತ ಚೆನ್ನಾಗಿ ಆಡುವವನಾಗಿದ್ದರೆ ಇವರ ಮಾನದ ಗತಿ? ಅತ್ತೆಗೆ ಚಿಂತೆ ಬೇರೆ.

"ಪಾಪ, ಯಾರ ಮಗನೋ. ನಾಕ್ ತಾಸು ಬಿಸಲಾಗ ನಿಮ್ಮ ಜೋಡಿ ತಿರಗತಾನ. ಅವನ ಮುಂದ ನೀವಷ್ಟೇ ರೊಟ್ಟಿ ಮುರಕೊಂಡು ತಿಂತೀರೇನು?"

ಮುಂಡರಗಿ ಅಂದೇ ರಾತ್ರಿ ಶೀಟಿಗೆ ಹೊಸ ಸಾಲು ಸೇರಿಸಿ ಕಳಿಸಿದ: "ನಾಲ್ಕನೆಯವರು, ಹೆಸರು ಗೊತ್ತಿಲ್ಲ. ಖಡಕ್ ರೊಟ್ಟಿ 2, ಶೇಂಗಾ ಚಟ್ನಿ, ಮೊಸರು ಹೆಚ್ಚು. ಗುರೆಳ್ಳು ಬೇಡ, ಹಲ್ಲು ಕರ್ರಗಾದರೆ ಆಟದ ಮೇಲೆ ಲಕ್ಷ್ಯ ಹೋಗುತ್ತದೆ."